ಮೊದಲ ತ್ರೈಮಾಸಿಕದ ವರದಿಯಲ್ಲಿ ‘1:210, ಹೈ ರಿಸ್ಕ್’ ಎಂದಿದೆ: ಇದನ್ನು ಹೇಗೆ ಓದಬೇಕು?

ಪ್ರಶ್ನೆ

ನನಗೆ ಈಗ 33 ವರ್ಷ. ಇದು ನನ್ನ ಮೊದಲ ಗರ್ಭ. ಹನ್ನೆರಡು ವಾರ ಮೂರು ದಿನ ತುಂಬಿದ್ದಾಗ ಎನ್‌ಟಿ ಸ್ಕ್ಯಾನ್ ಮಾಡಿಸಿ, ಅದೇ ದಿನ ಡಬಲ್ ಮಾರ್ಕರ್ ಪರೀಕ್ಷೆಗೆ (ರಕ್ತದಲ್ಲಿನ ಎರಡು ವಸ್ತುಗಳನ್ನು ಅಳೆಯುವ ಪರೀಕ್ಷೆ) ರಕ್ತವನ್ನೂ ಕೊಟ್ಟು ಬಂದಿದ್ದೆ. ಸ್ಕ್ಯಾನ್ ಮಾಡಿದ ವೈದ್ಯರು ಮಗುವಿನ ಉದ್ದ 60 ಮಿಲಿಮೀಟರ್ ಇದೆ, ಕುತ್ತಿಗೆಯ ಹಿಂಭಾಗದ ದ್ರವದ ದಪ್ಪ, ಅಂದರೆ ಎನ್‌ಟಿ, 1.4 ಮಿಲಿಮೀಟರ್ ಇದೆ, ಮೂಗಿನ ಮೂಳೆಯೂ ಕಾಣುತ್ತಿದೆ, ಚಿಂತೆಗೆ ಕಾರಣವಿಲ್ಲ ಎಂದು ಹೇಳಿ ಕಳುಹಿಸಿದ್ದರು. ನಾಲ್ಕು ದಿನಗಳ ನಂತರ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಮೊದಲ ಪುಟದಲ್ಲೇ ಕೆಂಪು ಅಕ್ಷರಗಳಲ್ಲಿ ‘ಡೌನ್ ಸಿಂಡ್ರೋಮ್: ಸ್ಕ್ರೀನ್ ಪಾಸಿಟಿವ್, ಹೈ ರಿಸ್ಕ್’ ಎಂದು ಅಚ್ಚಾಗಿತ್ತು. ಅದನ್ನು ಓದಿದ ಮೇಲೆ ಉಳಿದ ಸಾಲುಗಳು ಕಣ್ಣಿಗೆ ಬಿದ್ದರೂ ತಲೆಗೆ ಹತ್ತಲಿಲ್ಲ.

ವರದಿಯಲ್ಲಿರುವುದನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ. ವಯಸ್ಸಿನ ಆಧಾರದ ರಿಸ್ಕ್ 1:385. ಪಿಎಪಿಪಿ-ಎ 0.42 ಎಂಒಎಂ. ಫ್ರೀ ಬೀಟಾ ಎಚ್‌ಸಿಜಿ 1.9 ಎಂಒಎಂ. ಟ್ರೈಸೋಮಿ 21ರ, ಅಂದರೆ ಡೌನ್ ಸಿಂಡ್ರೋಮಿನ, ಅಂತಿಮ ರಿಸ್ಕ್ 1:210, ಕಟ್ ಆಫ್ 1:250. ಬೇರೆ ಎರಡು ವರ್ಣತಂತು ವ್ಯತ್ಯಾಸಗಳಾದ ಟ್ರೈಸೋಮಿ 18 ಮತ್ತು 13ರ ರಿಸ್ಕ್ 1:10,000ಕ್ಕಿಂತ ಕಡಿಮೆ ಎಂದಿದೆ.

ನನ್ನ ಸಂದೇಹಗಳು ಹೀಗಿವೆ. ಸ್ಕ್ಯಾನ್ ಚೆನ್ನಾಗಿದೆ, ರಕ್ತದ ವರದಿ ಚೆನ್ನಾಗಿಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕು? ಈ ಪರೀಕ್ಷೆ ನೂರಕ್ಕೆ 85ರಿಂದ 90ರಷ್ಟು ಸರಿ ಎಂದು ಎಲ್ಲೆಡೆ ಬರೆದಿದ್ದಾರೆ. ಹಾಗಾದರೆ ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ನೂರಕ್ಕೆ 85 ಎಂದು ತಿಳಿಯಬೇಕೆ? ನನ್ನ ಪತಿ 1:210 ಎಂದರೆ ನೂರಕ್ಕೆ ಅರ್ಧವೂ ಅಲ್ಲ, ಮರೆತುಬಿಡು ಎನ್ನುತ್ತಾರೆ. ನನ್ನ ಅಕ್ಕ ತಡಮಾಡದೆ ಆಮ್ನಿಯೋಸೆಂಟೆಸಿಸ್ (ಸೂಜಿಯಿಂದ ಗರ್ಭದ ನೀರನ್ನು ತೆಗೆದು ಮಾಡುವ ಪರೀಕ್ಷೆ) ಮಾಡಿಸು ಎನ್ನುತ್ತಾಳೆ. ವೈದ್ಯರು ಎನ್‌ಐಪಿಟಿ (ತಾಯಿಯ ರಕ್ತದಿಂದಲೇ ಮಾಡುವ ಇನ್ನೊಂದು ಪರೀಕ್ಷೆ) ಅಥವಾ ಆಮ್ನಿಯೋ, ಎರಡರಲ್ಲಿ ಯಾವುದನ್ನಾದರೂ ನೀವೇ ಆರಿಸಿಕೊಳ್ಳಿ ಎಂದಿದ್ದಾರೆ. ಆರಿಸಿಕೊಳ್ಳುವುದಕ್ಕೆ ಮೊದಲು ಈ ಅಂಕಿಗಳ ಅರ್ಥವನ್ನು ತಿಳಿಯಬೇಕೆಂದು ನನ್ನ ಆಸೆ. ತಿಳಿದವರು ದಯವಿಟ್ಟು ವಿವರಿಸಬೇಕು.


ಉತ್ತರ 1

ನಾನು ಜೆನೆಟಿಕ್ ಕೌನ್ಸೆಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮನ್ನು ನೋಡದೆ ಚಿಕಿತ್ಸೆಯ ಸಲಹೆ ಕೊಡುವುದು ಸರಿಯಲ್ಲ. ಆದರೆ ಅಂಕಿಗಳನ್ನು ಓದುವ ಬಗೆಯನ್ನು ಖಂಡಿತ ಹೇಳಬಹುದು.

ಮೊದಲು ಒಂದು ಪದದ ಬಗ್ಗೆ. ರಿಸ್ಕ್ ಎಂಬುದನ್ನು ನಾವು ಅಪಾಯ ಎಂದು ಕನ್ನಡಿಸಿಕೊಳ್ಳುತ್ತೇವೆ, ಅಪಾಯ ಎಂದ ಕೂಡಲೇ ಏನೋ ಒದಗಿಬಿಟ್ಟಿದೆ ಎಂಬ ಭಾವನೆ ಬರುತ್ತದೆ. ಈ ವರದಿಯಲ್ಲಿ ಅದರ ಅರ್ಥ ಸಂಭವ ಎಂದಷ್ಟೇ. 1:210 ಎಂದರೆ, ನಿಮ್ಮ ವಯಸ್ಸು, ನಿಮ್ಮ ಸ್ಕ್ಯಾನ್ ಅಳತೆ, ನಿಮ್ಮ ರಕ್ತದ ಅಂಕಿಗಳಂಥವೇ ಇರುವ 210 ಗರ್ಭಿಣಿಯರನ್ನು ಒಂದೆಡೆ ಕೂರಿಸಿದರೆ ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ, ಉಳಿದ 209 ಮಂದಿಯ ಮಕ್ಕಳಿಗೆ ಇರುವುದಿಲ್ಲ ಎಂದು. ಶೇಕಡಾವಾರು ಲೆಕ್ಕದಲ್ಲಿ ಇದು 0.48. ಕಟ್ ಆಫ್ ಆದ 1:250 ಎಂದರೆ ಶೇಕಡಾ 0.40. ಈ ಗೆರೆ ಪ್ರಕೃತಿ ಎಳೆದದ್ದಲ್ಲ. ಎಷ್ಟು ಮಂದಿಗೆ ಮುಂದಿನ ಪರೀಕ್ಷೆ ನೀಡಬೇಕು ಎಂಬುದನ್ನು ತೂಗಿ ನೋಡಿ ವೈದ್ಯಕೀಯ ವ್ಯವಸ್ಥೆಗಳು ಎಳೆದುಕೊಂಡದ್ದು. ಕೆಲವೆಡೆ ಅದು 1:150, ಕೆಲವೆಡೆ 1:270. ಬ್ರಿಟನ್ನಿನ ಗೆರೆಯಾದ 1:150ರಿಂದ ಅಳೆದಿದ್ದರೆ ನಿಮ್ಮದೇ ವರದಿ ‘ಲೋ ರಿಸ್ಕ್’ ಎಂದು ಅಚ್ಚಾಗುತ್ತಿತ್ತು. ಮಗುವಿನಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ.

ಸ್ಕ್ಯಾನ್ ನಂಬಬೇಕೋ ರಕ್ತವನ್ನು ನಂಬಬೇಕೋ ಎಂದು ಕೇಳಿದ್ದೀರಿ. ಆ ಎರಡನ್ನೂ ಬೆರೆಸಿದ ಮೇಲೆ ಬಂದ ಅಂಕಿಯೇ 1:210. ಲೆಕ್ಕ ಆರಂಭವಾಗುವುದು ವಯಸ್ಸಿನಿಂದ. 33ರ ಪ್ರಾಯದಲ್ಲಿ, 12ನೆಯ ವಾರದಲ್ಲಿ, ಅದು ನಿಮ್ಮ ವರದಿಯಲ್ಲಿರುವಂತೆ 1:385. 1.4 ಮಿಲಿಮೀಟರ್ ಎನ್‌ಟಿ ಆ ಗಾತ್ರದ ಭ್ರೂಣಕ್ಕೆ ಸಹಜವಾದ ಅಳತೆಯಾದ್ದರಿಂದ ಸಂಭವವನ್ನು ಕೆಳಕ್ಕೆ ಎಳೆದಿದೆ. ಪಿಎಪಿಪಿ-ಎ ಕಡಿಮೆಯಾಗಿರುವುದು ಮತ್ತು ಬೀಟಾ ಎಚ್‌ಸಿಜಿ ಹೆಚ್ಚಾಗಿರುವುದು, ಇವೆರಡೂ ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ಸರಾಸರಿಯಾಗಿ ಕಂಡುಬರುವ ದಿಕ್ಕಿನಲ್ಲೇ ಇರುವುದರಿಂದ (ಅಂಥ ಗರ್ಭಗಳಲ್ಲಿ ಸಾಮಾನ್ಯ ಮಟ್ಟಕ್ಕೆ ಹೋಲಿಸಿದರೆ ಮೊದಲನೆಯದು ಸುಮಾರು ಅರ್ಧದಷ್ಟು, ಎರಡನೆಯದು ಸುಮಾರು ಎರಡರಷ್ಟು ಇರುತ್ತದೆ) ಅದನ್ನು ಮೇಲಕ್ಕೆ ಎತ್ತಿವೆ. ಎಳೆದು ಎತ್ತಿ ಕೊನೆಗೆ ನಿಂತದ್ದು 210ರಲ್ಲಿ. ಆದ್ದರಿಂದ ‘ಸ್ಕ್ಯಾನ್ ಚೆನ್ನಾಗಿದೆಯಲ್ಲ’ ಎಂದು ಈ ಅಂಕಿಯನ್ನು ಇನ್ನಷ್ಟು ತಗ್ಗಿಸಿಕೊಳ್ಳುವುದೂ, ‘ರಕ್ತ ಕೆಟ್ಟಿದೆಯಲ್ಲ’ ಎಂದು ಹೆಚ್ಚಿಸಿಕೊಳ್ಳುವುದೂ ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದಂತೆ. ಇನ್ನೊಂದು ಸೂಕ್ಷ್ಮವಿದೆ: ಕೆಲವು ವರದಿಗಳು ಪರೀಕ್ಷೆಯ ದಿನದ ಸಂಭವವನ್ನು ಕೊಡುತ್ತವೆ, ಕೆಲವು ಹೆರಿಗೆಯ ಹೊತ್ತಿನ ಸಂಭವವನ್ನು ಕೊಡುತ್ತವೆ. ಟ್ರೈಸೋಮಿ 21 ಇರುವ ಗರ್ಭಗಳಲ್ಲಿ ಸುಮಾರು ಶೇಕಡಾ 30ರಷ್ಟು 12ನೆಯ ವಾರದ ನಂತರ ತಾವಾಗಿಯೇ ನಿಂತುಹೋಗುವುದರಿಂದ ಎರಡನೆಯ ಬಗೆಯಲ್ಲಿ ಸಂಭವ ಕಡಿಮೆಯಾಗಿ ಕಾಣುತ್ತದೆ. ಗೆಳತಿಯರ ವರದಿಯೊಂದಿಗೆ ಹೋಲಿಸುವ ಮೊದಲು ಇದನ್ನು ಗಮನಿಸಿ.

ಈಗ ‘ನೂರಕ್ಕೆ 85’ ಎಂಬ ಮಾತು. ನನ್ನ ಬಳಿ ಬರುವವರಲ್ಲಿ ಬಹುಪಾಲು ಜನ, ಓದಿದವರು, ಲೆಕ್ಕ ಬಲ್ಲವರು, ಎಲ್ಲರೂ ಇಲ್ಲಿಯೇ ಎಡವುತ್ತಾರೆ. 85ರಿಂದ 90 ಎಂಬುದು ಡೌನ್ ಸಿಂಡ್ರೋಮ್ ಇರುವ ನೂರು ಗರ್ಭಗಳಲ್ಲಿ ಎಷ್ಟನ್ನು ಈ ಪರೀಕ್ಷೆ ಹಿಡಿಯುತ್ತದೆ ಎಂಬ ಅಂಕಿ. ‘ಪಾಸಿಟಿವ್’ ಬಂದ ನೂರು ಮಂದಿಯಲ್ಲಿ ಎಷ್ಟು ಮಂದಿಯ ಮಗುವಿಗೆ ನಿಜವಾಗಿಯೂ ಅದು ಇದೆ ಎಂಬುದು ಬೇರೆಯೇ ಪ್ರಶ್ನೆ. ಹತ್ತು ಸಾವಿರ ಗರ್ಭಿಣಿಯರನ್ನು ತೆಗೆದುಕೊಳ್ಳಿ. ಏಳುನೂರಕ್ಕೆ ಒಂದರಂತೆ ಸುಮಾರು 14 ಮಕ್ಕಳಿಗೆ ಟ್ರೈಸೋಮಿ 21 ಇದೆ ಎಂದುಕೊಳ್ಳಿ. ಪರೀಕ್ಷೆ ಅವರಲ್ಲಿ 12 ಮಂದಿಯನ್ನು ಹಿಡಿಯುತ್ತದೆ. ಅದರ ಜೊತೆಗೇ, ಏನೂ ತೊಂದರೆಯಿಲ್ಲದ ಗರ್ಭಗಳಲ್ಲಿ ಶೇಕಡಾ 5ರಷ್ಟನ್ನು, ಅಂದರೆ ಸುಮಾರು 500 ಮಂದಿಯನ್ನು, ಅದೇ ಕೆಂಪು ಅಕ್ಷರಗಳ ಗುಂಪಿಗೆ ಸೇರಿಸುತ್ತದೆ. ಜರಡಿಯ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ. ಸುಮಾರು 512ರಲ್ಲಿ 12, ಅಂದರೆ ನಲವತ್ತಮೂರಕ್ಕೆ ಒಂದು. ಅದೂ ಆ ಗುಂಪಿನ ಸರಾಸರಿ: 1:5 ಬಂದವರೂ 1:245 ಬಂದವರೂ ಅದರಲ್ಲೇ ಇದ್ದಾರೆ. ನಿಮ್ಮದು ಗೆರೆಯ ಹತ್ತಿರದ ಅಂಕಿ. ಹಾಗೆಯೇ ಆ 14ರಲ್ಲಿ ಉಳಿದ ಇಬ್ಬರು ‘ಲೋ ರಿಸ್ಕ್’ ಎಂಬ ವರದಿ ಹಿಡಿದು ನಿಶ್ಚಿಂತೆಯಿಂದ ಮನೆಗೆ ಹೋಗಿರುತ್ತಾರೆ ಎಂಬುದನ್ನೂ ಮರೆಯಬಾರದು.

ಎನ್‌ಐಪಿಟಿ ಇದಕ್ಕಿಂತ ಬಹಳ ನಯವಾದ ಜರಡಿ. ತಾಯಿಯ ರಕ್ತದಲ್ಲಿ ಗರ್ಭಕ್ಕೆ ಸೇರಿದ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ ಎಂಬುದನ್ನು ಡೆನ್ನಿಸ್ ಲೋ ಮತ್ತು ಅವರ ಸಂಗಡಿಗರು 1997ರಲ್ಲಿ ತೋರಿಸಿಕೊಟ್ಟರು; 2011ರ ಸುಮಾರಿಗೆ ಅದು ಗರ್ಭಿಣಿಯರಿಗೆ ಪರೀಕ್ಷೆಯಾಗಿ ದೊರೆಯತೊಡಗಿತು. 10 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಮಾಡಿಸಬಹುದು. ಟ್ರೈಸೋಮಿ 21 ಇದ್ದರೆ ನೂರಕ್ಕೆ 99ಕ್ಕೂ ಹೆಚ್ಚು ಸಲ ಹಿಡಿಯುತ್ತದೆ. ಇಲ್ಲದವರಲ್ಲಿ ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ನಿಮ್ಮಂತೆ 1:210 ಇರುವ ಹತ್ತು ಸಾವಿರ ಮಂದಿ ಇದನ್ನು ಮಾಡಿಸಿಕೊಂಡರೆ, ಸುಮಾರು 48 ಮಂದಿಯಲ್ಲಿ ಸ್ಥಿತಿ ನಿಜವಾಗಿ ಇರುತ್ತದೆ, ಹೆಚ್ಚುಕಡಿಮೆ ಅವರೆಲ್ಲರೂ ಸಿಕ್ಕಿಬೀಳುತ್ತಾರೆ. ಸುಳ್ಳು ಪಾಸಿಟಿವ್‌ಗಳು ಹೆಚ್ಚೆಂದರೆ 10. ಅಂದರೆ ಪಾಸಿಟಿವ್ ಬಂದರೆ ಅದು ನಿಜವಾಗಿರುವ ಸಂಭವ ಶೇಕಡಾ 80ಕ್ಕೂ ಮೇಲೆ. ನೆಗೆಟಿವ್ ಬಂದರೆ ಉಳಿಯುವ ಸಂಭವ ಇಪ್ಪತ್ತು ಸಾವಿರಕ್ಕೆ ಒಂದರ ಆಸುಪಾಸು. ಇದೇ ಪರೀಕ್ಷೆಯನ್ನು ಸಾವಿರಕ್ಕೆ ಒಂದು ಸಂಭವವಿರುವ ಚಿಕ್ಕ ವಯಸ್ಸಿನ ಗರ್ಭಿಣಿಯರು ಮಾಡಿಸಿಕೊಂಡಾಗ ಪಾಸಿಟಿವ್‌ಗಳಲ್ಲಿ ಅರ್ಧದಷ್ಟು ಸುಳ್ಳಾಗಿರಬಹುದು. ಪರೀಕ್ಷೆ ಅದೇ, ಯಂತ್ರ ಅದೇ. ಅದಕ್ಕೆ ಮೊದಲು ನಿಂತಿದ್ದ ಸಂಭವ ಬೇರೆ, ಅಷ್ಟೇ.

ಆದರೂ ಅದು ಜರಡಿಯೇ ಹೊರತು ಖಚಿತ ಪರೀಕ್ಷೆಯಲ್ಲ, ಏಕೆಂದರೆ ಆ ಡಿಎನ್‌ಎ ಮುಖ್ಯವಾಗಿ ಬರುವುದು ಮಗುವಿನಿಂದಲ್ಲ, ಮಾಸಿನಿಂದ. ಮಗುವಿನ ವರ್ಣತಂತುಗಳು ಸರಿಯಾಗಿದ್ದು ಮಾಸಿನಲ್ಲಿ ಮಾತ್ರ ವ್ಯತ್ಯಾಸ ಇರುವುದು ಅಪರೂಪವಾದರೂ ಉಂಟು. ಮಗುವಿನದೇ ವರ್ಣತಂತುಗಳನ್ನು ನೋಡುವುದು ಗರ್ಭದ ನೀರನ್ನು ತೆಗೆದು ಮಾಡುವ ಆಮ್ನಿಯೋಸೆಂಟೆಸಿಸ್. ಅದನ್ನು 15 ವಾರ ತುಂಬಿದ ಮೇಲೆ ಮಾಡುತ್ತಾರೆ. 11ರಿಂದ 13 ವಾರಗಳ ನಡುವೆ ಮಾಸಿನ ಚೂರನ್ನು ತೆಗೆಯುವ ಸಿವಿಎಸ್ ಕೂಡ ಇದೆ. ಇವುಗಳಿಂದ ಗರ್ಭಪಾತವಾಗುವ ಹೆಚ್ಚುವರಿ ಸಂಭವವನ್ನು ಹಿಂದೆ ನೂರಕ್ಕೆ ಒಂದು ಎನ್ನುತ್ತಿದ್ದರು. ಅನುಭವಿ ಕೈಗಳಲ್ಲಿ ಅದು ಶೇಕಡಾ 0.1ರಿಂದ 0.5ರೊಳಗೆ ಎಂದು ಈಗಿನ ಲೆಕ್ಕ.

ನಿಮ್ಮ ಪತಿಯವರ ಗಣಿತ ಸರಿಯಾಗಿದೆ; ‘ಮರೆತುಬಿಡು’ ಎಂಬುದು ಮಾತ್ರ ಗಣಿತದಿಂದ ಬಂದ ತೀರ್ಮಾನವಲ್ಲ. ನಿಮ್ಮ ಅಕ್ಕನವರ ಸಲಹೆಯೂ ತಪ್ಪಲ್ಲ, ಆದರೆ ನಿಮಗೆ 15 ವಾರ ತುಂಬಲು ಇನ್ನೂ ಸಮಯವಿದೆ. ಆ ನಡುವಿನ ದಿನಗಳಲ್ಲಿ ಎನ್‌ಐಪಿಟಿಯ ಉತ್ತರ ಬಂದಿರುತ್ತದೆ.


ಉತ್ತರ 2

ಮೇಲಿನ ವಿವರಣೆ ನನಗೆ ಎರಡು ವರ್ಷಗಳ ಹಿಂದೆ ಸಿಕ್ಕಿದ್ದರೆ ಕೆಲವು ರಾತ್ರಿಗಳಾದರೂ ನಿದ್ದೆ ಬಂದಿರುತ್ತಿತ್ತು. ನನಗೆ ಫೋನ್ ಮಾಡಿದವರು ‘ನಿಮ್ಮದು ಪಾಸಿಟಿವ್ ಬಂದಿದೆ, ಬಂದು ವೈದ್ಯರನ್ನು ಕಾಣಿರಿ’ ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದರು. ಆ ಶನಿವಾರ ಮತ್ತು ಭಾನುವಾರ ಹೇಗೆ ಕಳೆದವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಎನ್‌ಐಪಿಟಿಯನ್ನು ಆರಿಸಿಕೊಂಡೆ. ಅದರಲ್ಲಿ ಯಾರೂ ಮುಂಚಿತವಾಗಿ ತಿಳಿಸದ ಒಂದು ಸಂಗತಿ ಎದುರಾಯಿತು: ಹತ್ತು ದಿನ ಕಾದ ಮೇಲೆ ‘ಫಲಿತಾಂಶ ಇಲ್ಲ, ಫೀಟಲ್ ಫ್ರಾಕ್ಷನ್ ಕಡಿಮೆ’ ಎಂದು ಬಂತು. ತಾಯಿಯ ರಕ್ತದಲ್ಲಿ ತೇಲುವ ಒಟ್ಟು ಡಿಎನ್‌ಎ ತುಣುಕುಗಳಲ್ಲಿ ಗರ್ಭದ ಪಾಲು ಎಷ್ಟು ಎಂಬುದೇ ಫೀಟಲ್ ಫ್ರಾಕ್ಷನ್. ಅದು ಸಾಮಾನ್ಯವಾಗಿ ಶೇಕಡಾ 4ರಷ್ಟಾದರೂ ಇರಬೇಕು ಎಂದು ಹಲವು ಪ್ರಯೋಗಾಲಯಗಳು ಬಯಸುತ್ತವೆ. ವಾರಗಳು ಇನ್ನೂ ಕಡಿಮೆ ಇದ್ದರೆ, ತಾಯಿಯ ತೂಕ ಹೆಚ್ಚಿದ್ದರೆ ಅದು ತಗ್ಗುತ್ತದೆ. ನನ್ನ ತೂಕ ಹೆಚ್ಚೇ ಇತ್ತು. ಫಲಿತಾಂಶ ಬಾರದಿರುವುದನ್ನು ನಾನು ‘ಏನೂ ಇಲ್ಲ’ ಎಂದು ಅರ್ಥಮಾಡಿಕೊಂಡು ಸಮಾಧಾನಪಟ್ಟಿದ್ದೆ. ಆದರೆ ಕೆಲವು ವರ್ಣತಂತು ವ್ಯತ್ಯಾಸಗಳಲ್ಲಿ, ವಿಶೇಷವಾಗಿ ಟ್ರೈಸೋಮಿ 18 ಮತ್ತು 13ರಲ್ಲಿ, ಮಾಸು ಚಿಕ್ಕದಾಗಿದ್ದು ಈ ಪಾಲು ಕಡಿಮೆಯಾಗುವುದುಂಟು, ಆದ್ದರಿಂದ ಉತ್ತರ ಬಾರದಿರುವುದನ್ನು ನೆಗೆಟಿವ್ ಎಂದು ಓದಬಾರದು ಎಂದು ವೈದ್ಯರು ತಿದ್ದಿದರು. ಎರಡನೆಯ ಸಲ ರಕ್ತ ಕೊಟ್ಟಾಗಲೂ ಅದೇ ಆಯಿತು. ಆ ಹೊತ್ತಿಗೆ 16 ವಾರ ದಾಟಿತ್ತು. ಆಮ್ನಿಯೋ ಮಾಡಿಸಿದೆ.

ಸೂಜಿಯ ಬಗ್ಗೆ ನಿಮಗೆ ಭಯವಿದ್ದರೆ ಒಂದು ಮಾತು. ಸ್ಕ್ಯಾನ್ ಪರದೆಯ ಮೇಲೆ ಮಗು ಎಲ್ಲಿದೆ, ಸೂಜಿ ಎಲ್ಲಿದೆ ಎಂದು ನೋಡುತ್ತಲೇ ಮಾಡುತ್ತಾರೆ. ನಿಜವಾದ ಕೆಲಸ ಕೆಲವೇ ನಿಮಿಷಗಳದ್ದು. ನನಗೆ ಅದು ನೋವಿಗಿಂತ ಹೆಚ್ಚಾಗಿ ಹೊಟ್ಟೆಯೊಳಗೆ ಬಿಗಿದಂತಹ ಅನುಭವ. ಮುಖ್ಯ ವರ್ಣತಂತುಗಳ ತ್ವರಿತ ಫಲಿತಾಂಶ ಮೂರನೆಯ ದಿನ ಬಂತು, ಪೂರ್ಣ ವರದಿಗೆ ಎರಡು ವಾರ ಹಿಡಿಯಿತು. ಎರಡೂ ಸಹಜವಾಗಿದ್ದವು. ನನಗೆ ಹೀಗಾಯಿತು ಎಂಬುದು ನಿಮಗೂ ಹಾಗೆಯೇ ಆಗುತ್ತದೆ ಎಂಬುದಕ್ಕೆ ಆಧಾರವಲ್ಲ. ಹಾದಿ ಹೇಗಿರುತ್ತದೆ ಎಂದು ತಿಳಿದಿರಲಿ ಎಂದು ಬರೆದೆ.


ಉತ್ತರ 3

ಇಂಥ ವರದಿಗಳನ್ನು ತಯಾರಿಸುವ ಪ್ರಯೋಗಾಲಯವೊಂದರಲ್ಲಿ ನಾನು ಹಲವು ವರ್ಷ ದುಡಿದಿದ್ದೇನೆ. ಒಂದನೆಯ ಉತ್ತರದಲ್ಲಿ ಅಂಕಿಯನ್ನು ಓದುವ ಕ್ರಮವನ್ನು ಸೊಗಸಾಗಿ ಹೇಳಿದ್ದಾರೆ. ಆದರೆ ಓದುವುದಕ್ಕೆ ಮೊದಲು ಆ ಅಂಕಿ ಸರಿಯಾದ ಮಾಹಿತಿಯಿಂದ ಹುಟ್ಟಿದೆಯೇ ಎಂದು ನೋಡಬೇಕು.

ಎಂಒಎಂ ಎಂದರೆ ಮಧ್ಯಮ ಮೌಲ್ಯದ ಎಷ್ಟು ಪಟ್ಟು ಎಂದು. ಅಷ್ಟೇ ವಾರಗಳ ಗರ್ಭಿಣಿಯರ ರಕ್ತದ ಅಂಕಿಗಳನ್ನು ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವುದು 1.0. ನಿಮ್ಮ ಪಿಎಪಿಪಿ-ಎ 0.42 ಎಂದರೆ ಆ ನಡುವಿನ ಮೌಲ್ಯದ ಶೇಕಡಾ 42. ಈ ‘ಅಷ್ಟೇ ವಾರಗಳ’ ಎಂಬುದರಲ್ಲಿ ಎಲ್ಲವೂ ಅಡಗಿದೆ, ಏಕೆಂದರೆ ಆ ದಿನಗಳಲ್ಲಿ ಪಿಎಪಿಪಿ-ಎ ದಿನದಿಂದ ದಿನಕ್ಕೆ ಏರುತ್ತಿರುತ್ತದೆ, ಬೀಟಾ ಎಚ್‌ಸಿಜಿ ಇಳಿಯುತ್ತಿರುತ್ತದೆ. ಗರ್ಭಕ್ಕೆ ನಿಜವಾಗಿ 11 ವಾರ ಆಗಿದ್ದು ಫಾರಂನಲ್ಲಿ 12 ಎಂದು ನಮೂದಾಗಿದ್ದರೆ ಮೊದಲನೆಯದು ಸುಳ್ಳಾಗಿ ಕಡಿಮೆ, ಎರಡನೆಯದು ಸುಳ್ಳಾಗಿ ಹೆಚ್ಚು ಎಂದು ಕಾಣುತ್ತದೆ, ಅಂದರೆ ತಾರೀಖಿನ ತಪ್ಪೇ ಡೌನ್ ಸಿಂಡ್ರೋಮಿನ ವೇಷ ಹಾಕಿಕೊಂಡು ಬರುತ್ತದೆ. ನಿಮ್ಮ ವಿಷಯದಲ್ಲಿ ಸ್ಕ್ಯಾನಿನ 60 ಮಿಲಿಮೀಟರ್ ಉದ್ದ 12 ವಾರ 3 ದಿನಕ್ಕೆ ಹೊಂದುತ್ತದೆ. ಆದ್ದರಿಂದ ಲೆಕ್ಕಕ್ಕೆ ಆ ಉದ್ದವನ್ನೇ ಬಳಸಿದ್ದಾರೆಯೇ, ಮುಟ್ಟಿನ ದಿನಾಂಕವನ್ನು ಬಳಸಿದ್ದಾರೆಯೇ ಎಂಬುದನ್ನಷ್ಟೇ ನೋಡಿಕೊಳ್ಳಿ. ಆಮೇಲೆ ತೂಕ. ತೂಕ ಹೆಚ್ಚಿದವರ ರಕ್ತದ ಪ್ರಮಾಣವೂ ಹೆಚ್ಚಿರುವುದರಿಂದ ಈ ವಸ್ತುಗಳು ತೆಳುವಾಗಿ ಕಾಣುತ್ತವೆ. ಲೆಕ್ಕದಲ್ಲಿ ಅದನ್ನು ಸರಿದೂಗಿಸುತ್ತಾರೆ. ಫಾರಂನಲ್ಲಿ ತೂಕವೇ ತಪ್ಪಾಗಿದ್ದರೆ ಸರಿದೂಗಿಸಿದ್ದೂ ತಪ್ಪಾಗುತ್ತದೆ. ಧೂಮಪಾನ, ಮಧುಮೇಹ, ಐವಿಎಫ್, ಅವಳಿ ಗರ್ಭ, ಇವುಗಳ ಖಾನೆಗಳನ್ನೂ ನೋಡಿ. ದಾನಿಯ ಅಂಡಾಣು ಬಳಸಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ದಾನಿಯ ವಯಸ್ಸು, ತಾಯಿಯದಲ್ಲ. ಈ ತಪ್ಪನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಪ್ಪು ಸಿಕ್ಕರೆ ಹಳೆಯ ರಕ್ತದ ಅಂಕಿಗಳಿಂದಲೇ ಮರುಲೆಕ್ಕ ಮಾಡಿಸಬಹುದು. ತಪ್ಪು ಸಿಗದಿದ್ದರೆ ದಯವಿಟ್ಟು ಇನ್ನೊಂದು ಪ್ರಯೋಗಾಲಯಕ್ಕೆ ಹೋಗಿ ಅದೇ ಡಬಲ್ ಮಾರ್ಕರನ್ನು ಮತ್ತೆ ಮಾಡಿಸಬೇಡಿ. ಒಂದು ಕಡೆ 1:210, ಇನ್ನೊಂದು ಕಡೆ 1:290 ಬಂದರೆ ಮನಸ್ಸು ಎರಡನೆಯದನ್ನು ಆರಿಸಿಕೊಳ್ಳುತ್ತದೆ. ತಿಳಿವಳಿಕೆ ಮಾತ್ರ ಕಿಂಚಿತ್ತೂ ಹೆಚ್ಚಿರುವುದಿಲ್ಲ. ಹದಿನಾರನೆಯ ವಾರದಲ್ಲಿ ಕ್ವಾಡ್ರಪಲ್ ಮಾರ್ಕರ್ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸಿ ನೋಡೋಣ ಎಂಬ ಸಲಹೆಯೂ ನಿಮಗೆ ಬರಬಹುದು. ಅದು ಟ್ರೈಸೋಮಿ 21ನ್ನು ಹಿಡಿಯುವುದು ನೂರಕ್ಕೆ ಸುಮಾರು 80 ಸಲ. ಈಗಾಗಲೇ ಮಾಡಿಸಿದ್ದಕ್ಕಿಂತ ದಪ್ಪ ಕಣ್ಣಿನ ಜರಡಿಗೆ ಹಿಂತಿರುಗುವುದರಿಂದ ಪ್ರಯೋಜನವಿಲ್ಲ.

ಇನ್ನೊಂದು ಮಾತನ್ನು ಯಾರೂ ಎತ್ತಿಲ್ಲ. ಪಿಎಪಿಪಿ-ಎ ಮಾಸಿನಲ್ಲಿ ತಯಾರಾಗುವ ಪ್ರೋಟೀನು. ವರ್ಣತಂತುಗಳು ಸಂಪೂರ್ಣ ಸಹಜವಾಗಿದ್ದಾಗಲೂ ಅದು ಬಹಳ ಕಡಿಮೆಯಿದ್ದರೆ, ಮುಂದೆ ಮಗುವಿನ ಬೆಳವಣಿಗೆ ಕುಂಠಿತವಾಗುವ ಮತ್ತು ತಾಯಿಗೆ ರಕ್ತದೊತ್ತಡ ಏರುವ ಸಂಭವ ಸ್ವಲ್ಪ ಹೆಚ್ಚು. ಸಾಮಾನ್ಯವಾಗಿ 0.4 ಎಂಒಎಂನ ಸುತ್ತಮುತ್ತ ಗೆರೆ ಎಳೆಯುತ್ತಾರೆ; ನಿಮ್ಮದು ಅದರ ಅಂಚಿನಲ್ಲಿದೆ. ಡೌನ್ ಸಿಂಡ್ರೋಮ್ ಇಲ್ಲವೆಂದು ಗೊತ್ತಾದ ಮೇಲೆ ಎಲ್ಲರೂ ಈ ವರದಿಯನ್ನು ಮಡಚಿಟ್ಟುಬಿಡುತ್ತಾರೆ. ಹಾಗೆ ಮಾಡದೆ, ರಕ್ತದೊತ್ತಡವನ್ನು ನಿಯಮಿತವಾಗಿ ನೋಡಿಸುವುದು, ಕೊನೆಯ ತಿಂಗಳುಗಳಲ್ಲಿ ಬೆಳವಣಿಗೆಯ ಸ್ಕ್ಯಾನ್ ಬೇಕೇ ಎಂಬುದು, ಇವನ್ನು ನಿಮ್ಮ ವೈದ್ಯರೊಂದಿಗೆ ಮಾತನಾಡಿ. ಇತರ ಕಾರಣಗಳೂ ಕೂಡಿಬಂದವರಿಗೆ 16 ವಾರಗಳ ಒಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುವುದುಂಟು. ಅದು ವೈದ್ಯರ ತೀರ್ಮಾನ, ನೀವಾಗಿ ತೆಗೆದುಕೊಳ್ಳುವಂಥದ್ದಲ್ಲ. ಆದರೆ ಕೇಳುವುದಕ್ಕೆ ಇದೇ ಕಾಲ.

ಎನ್‌ಐಪಿಟಿ ಮಾಡಿಸುವಾಗ ಜೊತೆಗೆ, ವರ್ಣತಂತುವಿನ ಚಿಕ್ಕ ತುಣುಕು ಕಾಣೆಯಾಗಿರುವ ಸ್ಥಿತಿಗಳಾದ ಹತ್ತಾರು ಮೈಕ್ರೋಡಿಲೀಷನ್‌ಗಳನ್ನೂ ಸೇರಿಸಿದ ದೊಡ್ಡ ಪ್ಯಾನೆಲ್ ಬೇಕೇ ಎಂದು ಕೇಳುತ್ತಾರೆ. ಆ ಸ್ಥಿತಿಗಳು ಬಹಳ ವಿರಳವಾಗಿರುವುದರಿಂದ ಅವುಗಳಲ್ಲಿ ಬರುವ ಪಾಸಿಟಿವ್‌ಗಳಲ್ಲಿ ಸುಳ್ಳಿನ ಪಾಲು ಹೆಚ್ಚು. ಮೇಲಿನ ಉತ್ತರದಲ್ಲಿ ವಿವರಿಸಿದ ಗಣಿತವೇ ಇಲ್ಲಿಯೂ ನಡೆಯುತ್ತದೆ. ಪ್ಯಾನೆಲ್ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಮಾರಾಟದ ಮಾತನ್ನು ನಾನಂತೂ ಒಪ್ಪುವುದಿಲ್ಲ.


ಉತ್ತರ 4

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಅವಳಿಗೆ ಡೌನ್ ಸಿಂಡ್ರೋಮ್ ಇದೆ. ಗರ್ಭದಲ್ಲಿದ್ದಾಗ ನಮ್ಮ ವರದಿಯಲ್ಲಿ ಇದ್ದದ್ದು 1:1,400, ಹಸಿರು ಅಕ್ಷರಗಳಲ್ಲಿ ‘ಲೋ ರಿಸ್ಕ್’. ಮೊದಲ ಉತ್ತರದಲ್ಲಿ, ಹದಿನಾಲ್ಕರಲ್ಲಿ ಉಳಿದ ಇಬ್ಬರು ಎಂದು ಬರೆದಿದ್ದಾರಲ್ಲ, ಅಂಥ ಒಂದು ಮನೆ ನಮ್ಮದು. ವರದಿ ತಪ್ಪಾಗಿತ್ತು ಎಂದು ನಾನು ಬಹಳ ದಿನ ಕೋಪಗೊಂಡಿದ್ದೆ. ಅದು ತಪ್ಪಾಗಿರಲಿಲ್ಲ, ಸಾವಿರದ ನಾನೂರರಲ್ಲಿ ಒಬ್ಬರು ಇರುತ್ತಾರೆ ಎಂದೇ ಅದು ಹೇಳಿತ್ತು, ಆ ಒಬ್ಬರು ನಾವಾಗಿದ್ದೆವು.

ಹೆರಿಗೆಯ ನಂತರ ಮಗಳ ವರ್ಣತಂತು ಪರೀಕ್ಷೆ ಮಾಡಿಸಿದಾಗ, 21ನೆಯ ವರ್ಣತಂತು ಮೂರು ಬಿಡಿ ಪ್ರತಿಗಳಾಗಿಯೇ ಇದೆ ಎಂದು ತಿಳಿಯಿತು. ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಹೀಗೆಯೇ ಇರುತ್ತದೆಯಂತೆ. ಇದು ಸಾಮಾನ್ಯವಾಗಿ ತಂದೆತಾಯಿಯರಿಂದ ಹರಿದುಬಂದದ್ದಲ್ಲ, ಜೀವಕೋಶ ವಿಭಜನೆಯಲ್ಲಿ ಆಕಸ್ಮಿಕವಾಗಿ ಆದದ್ದು. ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಹೆಚ್ಚುವರಿ ವರ್ಣತಂತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ, ಆಗ ತಂದೆತಾಯಿಯರ ರಕ್ತವನ್ನೂ ಪರೀಕ್ಷಿಸುತ್ತಾರೆ. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂಬುದು ಸಮಾಧಾನಕ್ಕೂ ಆಧಾರವಲ್ಲ, ಆರೋಪಕ್ಕೂ ಆಧಾರವಲ್ಲ ಎಂಬುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಎರಡನ್ನೂ ನಾವು ಕೇಳಿದ್ದೇವೆ.

ಪರೀಕ್ಷೆ ಎಷ್ಟೇ ಖಚಿತವಾದರೂ ಅದು ತಿಳಿಸುವುದು ವರ್ಣತಂತುವಿನ ಎಣಿಕೆಯನ್ನು. ಮಗು ಎಷ್ಟು ಬೇಗ ಮಾತನಾಡುತ್ತದೆ, ಎಷ್ಟು ಕಲಿಯುತ್ತದೆ ಎಂಬುದನ್ನು ಆಮ್ನಿಯೋ ಕೂಡ ಹೇಳಲಾರದು. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ರಚನೆಯಲ್ಲಿ ದೋಷವಿರುತ್ತದೆ. ನನ್ನ ಮಗಳಿಗೂ ಇತ್ತು, ಏಳನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಥೈರಾಯ್ಡ್, ಕಿವಿ, ಕಣ್ಣುಗಳನ್ನು ವರ್ಷವರ್ಷವೂ ನೋಡಿಸಬೇಕು. ಕಲಿಕೆ ನಿಧಾನ. ಒಳ್ಳೆಯ ವೈದ್ಯಕೀಯ ಆರೈಕೆ ಸಿಗುವ ಕಡೆ ಸರಾಸರಿ ಆಯುಸ್ಸು ಈಗ 60 ವರ್ಷಗಳ ಹತ್ತಿರ ಬಂದಿದೆ, ಆದ್ದರಿಂದ ನಮ್ಮ ನಂತರ ಅವಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯೂ ಇದೆ. ಇದನ್ನು ನಿಮ್ಮನ್ನು ಹೆದರಿಸುವುದಕ್ಕೂ ಬರೆಯುತ್ತಿಲ್ಲ, ಒಲಿಸುವುದಕ್ಕೂ ಬರೆಯುತ್ತಿಲ್ಲ.

ಒಂದೇ ಒಂದು ಸಲಹೆ. ಸೂಜಿ ಚುಚ್ಚಿಸಿಕೊಳ್ಳುವ ಮೊದಲೇ ನೀವಿಬ್ಬರೂ ಕುಳಿತು, ಉತ್ತರ ‘ಇದೆ’ ಎಂದು ಬಂದರೆ ಅದನ್ನು ಏನು ಮಾಡುತ್ತೇವೆ ಎಂದು ಮಾತನಾಡಿಕೊಳ್ಳಿ. ಗರ್ಭವನ್ನು ಮುಂದುವರಿಸುವುದೋ ಇಲ್ಲವೋ ಎಂಬುದಕ್ಕಾಗಿ ಕೆಲವರಿಗೆ ಅದು ಬೇಕು. ಎಲ್ಲಿ ಹೆರಿಗೆ ಮಾಡಿಸಬೇಕು, ಮಗುವಿನ ಹೃದಯವನ್ನು ಮೊದಲೇ ನೋಡಿಸಬೇಕೆ ಎಂಬ ಸಿದ್ಧತೆಗಾಗಿ ಕೆಲವರಿಗೆ ಬೇಕು. ಹೆರಿಗೆಯವರೆಗೆ ತಿಳಿಯುವುದೇ ಬೇಡ ಎನ್ನುವವರೂ ಇದ್ದಾರೆ. ನಮಗೆ ಮೊದಲೇ ಗೊತ್ತಾಗಿದ್ದರೆ ಹೆರಿಗೆಯ ಮರುದಿನ ಆ ಗಾಬರಿಯಲ್ಲಿ ಹೃದ್ರೋಗ ತಜ್ಞರನ್ನು ಹುಡುಕುತ್ತ ಅಲೆಯುವುದು ತಪ್ಪುತ್ತಿತ್ತು.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮೂರನೆಯ ಉತ್ತರವನ್ನು ಓದಿ ಫಾರಂನ ಪ್ರತಿಯನ್ನು ತರಿಸಿಕೊಂಡು ಪ್ರತಿಯೊಂದು ಖಾನೆಯನ್ನೂ ನೋಡಿದೆ. ಲೆಕ್ಕಕ್ಕೆ ಸ್ಕ್ಯಾನಿನ ಉದ್ದವನ್ನೇ ಹಿಡಿದಿದ್ದಾರೆ, ತೂಕ ಸರಿಯಿದೆ, ಉಳಿದುದೆಲ್ಲವೂ ಸರಿಯಿದೆ. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಒಳಗೊಳಗೇ ಹಾರೈಸುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ನಾಲ್ಕನೆಯ ಉತ್ತರವನ್ನು ನಾನು ಮತ್ತು ನನ್ನ ಪತಿ ಒಟ್ಟಿಗೆ ಕುಳಿತು ಎರಡು ಸಲ ಓದಿದೆವು. ‘ಮರೆತುಬಿಡು’ ಎಂಬ ಮಾತನ್ನು ಅವರು ಹಿಂತೆಗೆದುಕೊಂಡಿದ್ದಾರೆ. ಏನೇ ಇದ್ದರೂ ನಮಗೆ ತಿಳಿಯಬೇಕು ಎಂಬುದರಲ್ಲಿ ಇಬ್ಬರೂ ಒಂದಾಗಿದ್ದೇವೆ. ತಿಳಿದ ಮೇಲಿನ ಮಾತು ಇನ್ನೂ ನಡೆಯುತ್ತಿದೆ.

ಎನ್‌ಐಪಿಟಿಗೆ ನಾಡಿದ್ದು ರಕ್ತ ಕೊಡುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಅದರಲ್ಲಿ ‘ಲೋ ರಿಸ್ಕ್’ ಬಂದರೆ ಆಮ್ನಿಯೋ ಬೇಕಾಗುವುದಿಲ್ಲವೇ? ‘ಹೈ ರಿಸ್ಕ್’ ಬಂದರೆ, ವಾರಗಳು ಕಳೆದುಹೋಗುವ ಮೊದಲು ಅದರ ಮೇಲೆಯೇ ತೀರ್ಮಾನ ಮಾಡಬಹುದೇ?


ಉತ್ತರ 1 ಬರೆದವರಿಂದ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಮಾಡಬಾರದು. ಎನ್‌ಐಪಿಟಿಯಲ್ಲಿ ಹೈ ರಿಸ್ಕ್ ಬಂದವರು, ಹಿಂದಕ್ಕೆ ತಿರುಗಿಸಲಾಗದ ಯಾವ ತೀರ್ಮಾನವನ್ನೂ ಖಚಿತ ಪರೀಕ್ಷೆಯಿಲ್ಲದೆ ತೆಗೆದುಕೊಳ್ಳಬಾರದು. ನಿಮ್ಮ ಲೆಕ್ಕದಲ್ಲಿ ಸುಮಾರು ಆರು ಪಾಸಿಟಿವ್‌ಗಳಲ್ಲಿ ಒಂದು ಸುಳ್ಳಾಗಿರಬಹುದು ಎಂಬುದನ್ನು ನೆನಪಿಡಿ. ಫಲಿತಾಂಶ ಬರುವ ಹೊತ್ತಿಗೆ ನಿಮಗೆ 15 ವಾರ ಹತ್ತಿರವಾಗಿರುತ್ತದೆ, ಆಮ್ನಿಯೋಗೆ ಹೆಚ್ಚು ಕಾಯಬೇಕಾಗುವುದಿಲ್ಲ. ಸಿವಿಎಸ್‌ನಲ್ಲಿ ತೆಗೆಯುವುದೂ ಮಾಸಿನ ಅಂಶವನ್ನೇ ಆದ್ದರಿಂದ, ಸ್ಕ್ಯಾನಿನಲ್ಲಿ ಏನೂ ಕಾಣದೆ ಎನ್‌ಐಪಿಟಿಯಲ್ಲಿ ಮಾತ್ರ ಪಾಸಿಟಿವ್ ಬಂದಾಗ ಗರ್ಭದ ನೀರಿನ ಪರೀಕ್ಷೆಯನ್ನೇ ಹಲವರು ಮೇಲೆಂದು ಬಗೆಯುತ್ತಾರೆ.

ಲೋ ರಿಸ್ಕ್ ಬಂದರೆ, ನಿಮ್ಮಂತೆ ಎನ್‌ಟಿ ಸಹಜವಾಗಿರುವವರಿಗೆ ಆಮ್ನಿಯೋವನ್ನು ಸಾಮಾನ್ಯವಾಗಿ ಒತ್ತಾಯಿಸುವುದಿಲ್ಲ. ಎನ್‌ಟಿ 3.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು, ಏಕೆಂದರೆ ಅಷ್ಟು ದಪ್ಪದ ಹಿಂದೆ ಎನ್‌ಐಪಿಟಿ ನೋಡದೇ ಇರುವ ವರ್ಣತಂತು ವ್ಯತ್ಯಾಸಗಳೂ ಹೃದಯದ ದೋಷಗಳೂ ಇರಬಲ್ಲವು. ಆದರೆ 18ರಿಂದ 20 ವಾರಗಳ ನಡುವಿನ ಅನಾಮಲಿ ಸ್ಕ್ಯಾನನ್ನು ಬಿಡಬೇಡಿ. ಬೆನ್ನುಹುರಿಯ ದೋಷ, ಹೃದಯದ ರಚನೆ, ಮೂತ್ರಪಿಂಡ, ಸೀಳುತುಟಿ ಮುಂತಾದವು ಎನ್‌ಐಪಿಟಿಯ ವ್ಯಾಪ್ತಿಗೆ ಬರುವುದಿಲ್ಲ. ತಲಸ್ಸೀಮಿಯಾದಂತಹ, ಒಂದೇ ಜೀನಿನ ವ್ಯತ್ಯಾಸದಿಂದ ಬರುವ ಕಾಯಿಲೆಗಳನ್ನೂ ಅದು ನೋಡುವುದಿಲ್ಲ. ಅದಕ್ಕೆ ತಂದೆತಾಯಿಯರು ವಾಹಕರೇ ಎಂದು ನೋಡುವ ರಕ್ತಪರೀಕ್ಷೆ ಬೇರೆಯೇ ಇದೆ, ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕಕ್ಕೆ ಒಂದು. ಅದನ್ನು ಈಗಾಗಲೇ ಮಾಡಿಸಿಲ್ಲದಿದ್ದರೆ ನಾಡಿದ್ದು ರಕ್ತ ಕೊಡುವಾಗಲೇ ಕೇಳಿ.

ಇನ್ನು, ರಕ್ತ ಕೊಡುವಾಗ ವರದಿಯಲ್ಲಿ ಫೀಟಲ್ ಫ್ರಾಕ್ಷನ್ ಎಷ್ಟೆಂದು ನಮೂದಿಸುತ್ತಾರೆಯೇ ಎಂದು ವಿಚಾರಿಸಿ, ಫಲಿತಾಂಶವನ್ನು ಫೋನಿನಲ್ಲಿ ತಿಳಿಸುವವರು ಯಾರು, ಅವರು ವಿವರಿಸಬಲ್ಲವರೇ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಶುಕ್ರವಾರ ಸಂಜೆ ಬೇಡ, ವೈದ್ಯರು ಸಿಗುವ ದಿನವೇ ತಿಳಿಸಿ ಎಂದು ಕೇಳುವ ಹಕ್ಕು ನಿಮಗಿದೆ.